ಬೆಲೆ ಒಮ್ಮೆ ತೆತ್ತಾಗಿದೆ

(ಧರ್ಮ ಮತ್ತು ಕೌಟುಂಬಿಕ ಹಿಂಸೆಯನ್ನು ಕುರಿತ ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)

ನನಗಿಂತ ಮೊದಲು ಮಾತನಾಡಿದ ವಕೀಲೆಯರು ಕಾನೂನಿನ ವಿಷಯ ಹೇಳಿದರು. ಆಪ್ತಸಮಾಲೋಚನೆಯ ಕೆಲಸ ಮಾಡುವವರು ತಮ್ಮ ಬಳಿ ಬರುವ ಹೆಣ್ಣುಮಕ್ಕಳ ಕಷ್ಟ ಹೇಳಿದರು. ನಾನು ಮಾತನಾಡಬೇಕಾಗಿರುವುದು ಕ್ರೈಸ್ತ ಧರ್ಮದ ಪ್ರಾಯಶ್ಚಿತ್ತದ ಬೋಧನೆಯನ್ನು ಕುರಿತು. ಇದು ಚರ್ಚಿನೊಳಗೆ ಪಾದ್ರಿಗಳು ಮಾತನಾಡುವ ವಿಷಯ, ವರದಕ್ಷಿಣೆ ಮತ್ತು ಹಿಂಸೆಯ ವಿರುದ್ಧ ಹೋರಾಡುವ ನಮಗೆ ಇದರಿಂದೇನು ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವಳು. ದೇವಶಾಸ್ತ್ರದ ಕಾಲೇಜಿನಲ್ಲಿ ಓದಿದವಳಲ್ಲ. ಆದರೆ ಕ್ರೈಸ್ತ ಮನೆತನದಲ್ಲಿ ಹುಟ್ಟಿದವಳು, ಈಗಲೂ ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವವಳು. ನನ್ನ ಅನುಭವದಲ್ಲಿ, ಗಂಡನಿಂದ ಹೊಡೆತ ತಿಂದ ನಮ್ಮ ಹೆಂಗಸರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವ ಎಷ್ಟೋ ವರ್ಷ ಮೊದಲು ಸಭಾಪಾಲಕರ ಮನೆಯ ಬಾಗಿಲು ತಟ್ಟಿರುತ್ತಾರೆ. ಅಲ್ಲಿ ಅವರಿಗೆ ಏನು ಹೇಳಿ ಕಳಿಸಲಾಯಿತು ಎಂಬುದರ ಮೇಲೆ ಅವರ ಜೀವವೇ ನಿಂತಿರುತ್ತದೆ. ಆದ್ದರಿಂದ ಇದು ನಮ್ಮ ವಿಷಯವೂ ಹೌದು.

ಅಲ್ಲಿ ಸಾಮಾನ್ಯವಾಗಿ ಹೇಳುವ ಮಾತುಗಳು ಮೂರು. ಒಂದು, "ನಿನ್ನಲ್ಲೂ ಏನೋ ಪಾಪ ಇರಬೇಕು, ದೇವರು ನಿನ್ನನ್ನು ಶಿಕ್ಷಿಸಿ ತಿದ್ದುತ್ತಿದ್ದಾನೆ." ಎರಡು, "ಇದು ನಿನ್ನ ಶಿಲುಬೆ. ಕ್ರಿಸ್ತ ಹೊರಲಿಲ್ಲವೇ, ನೀನೂ ಹೊರು." ಮೂರು, "ಕ್ರಿಸ್ತ ತನ್ನನ್ನು ಕೊಂದವರನ್ನೇ ಕ್ಷಮಿಸಿದ, ನೀನು ಗಂಡನನ್ನು ಕ್ಷಮಿಸಲಾರೆಯಾ? ಮನೆಗೆ ಹೋಗು." ಈ ಮೂರು ಮಾತುಗಳೂ ಒಂದೇ ಬೋಧನೆಯ ಹೆಸರು ಹೇಳಿಕೊಂಡು ಬರುತ್ತವೆ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ಆ ಬೋಧನೆಯನ್ನು ಸರಿಯಾಗಿ ಓದಿದರೆ ಈ ಮೂರು ಮಾತುಗಳಿಗೂ ಅದರಲ್ಲಿ ಜಾಗವಿಲ್ಲ.

ಕ್ರೈಸ್ತರಲ್ಲದ ಗೆಳತಿಯರಿಗಾಗಿ ಮೊದಲು ಬೋಧನೆ ಏನೆಂದು ಹೇಳುತ್ತೇನೆ. ಪ್ರಾಯಶ್ಚಿತ್ತ ಎಂಬುದು ನಮಗೆಲ್ಲ ಗೊತ್ತಿರುವ ಮಾತು. ತಪ್ಪು ಮಾಡಿದವನು ಅದರ ಪರಿಹಾರಕ್ಕಾಗಿ ತಾನೇ ಮಾಡಬೇಕಾದ ವ್ರತ, ದಾನ, ದಂಡ. ಬೈಬಲಿನ ಹಳೆಯ ಒಡಂಬಡಿಕೆಯಲ್ಲೂ ಇದಕ್ಕೆ ಹತ್ತಿರವಾದ ಪದ್ಧತಿಯಿದೆ. ಯಾಜಕಕಾಂಡದ 16ನೇ ಅಧ್ಯಾಯದಲ್ಲಿ ವರ್ಷಕ್ಕೊಮ್ಮೆ ಬರುವ ದೋಷಪರಿಹಾರದ ದಿನದ ವಿವರಣೆಯಿದೆ. ಅಂದು ಎರಡು ಆಡುಗಳನ್ನು ತರಬೇಕು. ಒಂದನ್ನು ಬಲಿ ಕೊಡುವುದು. ಇನ್ನೊಂದರ ತಲೆಯ ಮೇಲೆ ಮಹಾಯಾಜಕ ಕೈಯಿಟ್ಟು ಜನರ ಪಾಪಗಳನ್ನೆಲ್ಲ ಹೇಳಿ, ಅದನ್ನು ಅಡವಿಗೆ ಅಟ್ಟುವುದು. ಮುಂದಿನ ವರ್ಷ ಮತ್ತೆ ಇದೇ. ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರಿಕೆ ಇದನ್ನೇ ಎತ್ತಿಕೊಂಡು ಹೇಳುವುದೇನೆಂದರೆ, ವರ್ಷ ವರ್ಷವೂ ಮಾಡಬೇಕಾದದ್ದು ಯಾವತ್ತೂ ಮುಗಿಯದ ಕೆಲಸ. ಕ್ರಿಸ್ತನ ಮರಣದಲ್ಲಿ ಅದು ಒಂದೇ ಸಲಕ್ಕೆ, ಎಂದೆಂದಿಗೂ ಮುಗಿದುಹೋಯಿತು. ಇನ್ನು ಪಾಪಕ್ಕಾಗಿ ಬೇರೆ ಬಲಿ ಬೇಕಾಗಿಲ್ಲ. ಮನುಷ್ಯ ತೆರಲಾರದ ಬೆಲೆಯನ್ನು ದೇವರು ತಾನೇ ತೆತ್ತ ಎಂಬುದು ಕ್ರೈಸ್ತರ ನಂಬಿಕೆಯ ಬೇರು.

'ಒಂದೇ ಸಲ' ಎಂಬ ಆ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ನನ್ನ ಇಡೀ ವಾದ ನಿಂತಿರುವುದು ಅದರ ಮೇಲೆ.

ಕ್ರಿಸ್ತನ ಸಾವು ಮನುಷ್ಯನನ್ನು ಹೇಗೆ ಬಿಡಿಸಿತು ಎಂಬುದಕ್ಕೆ ಚರ್ಚು ಎಂದೂ ಒಂದೇ ವಿವರಣೆ ಕೊಟ್ಟಿಲ್ಲ. ಇತಿಹಾಸದ ವಿದ್ಯಾರ್ಥಿಯಾಗಿ ನನಗೆ ಇದು ಬಹಳ ಮುಖ್ಯವಾಗಿ ಕಾಣುತ್ತದೆ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ಆನ್ಸೆಲ್ಮ್ 1098ರಲ್ಲಿ ಮುಗಿಸಿದ 'ದೇವರು ಮನುಷ್ಯನಾದದ್ದೇಕೆ' ಎಂಬ ಗ್ರಂಥದಲ್ಲಿ, ಪಾಪವೆಂದರೆ ದೇವರ ಗೌರವಕ್ಕೆ ತಂದ ಕುಂದು, ಆ ಕುಂದನ್ನು ತುಂಬಿಕೊಡಲೇಬೇಕು ಎಂದು ವಾದಿಸಿದ. ಅದು ಜಹಗೀರುದಾರರ ಕಾಲ. ಒಡೆಯನ ಮಾನಕ್ಕೆ ಧಕ್ಕೆ ತಂದವನು ಅದಕ್ಕೆ ತಕ್ಕ ಪರಿಹಾರ ಕೊಡಬೇಕೆಂಬುದು ಅಂದಿನ ನ್ಯಾಯ. 12ನೇ ಶತಮಾನದ ಅಬೆಲಾರ್ಡ್, ಕ್ರಿಸ್ತನ ಪ್ರೀತಿಯನ್ನು ಕಂಡು ನಮ್ಮ ಕಲ್ಲುಮನಸ್ಸು ಕರಗಬೇಕು, ಬಿಡುಗಡೆ ಇರುವುದು ಅಲ್ಲಿ ಎಂದ. 16ನೇ ಶತಮಾನದ ಸುಧಾರಕರು ನ್ಯಾಯಾಲಯದ ಭಾಷೆ ತಂದರು: ನಮಗೆ ಆಗಬೇಕಿದ್ದ ಶಿಕ್ಷೆ ಆತನಿಗಾಯಿತು. ಸ್ವೀಡನ್ನಿನ ಗುಸ್ತಾಫ್ ಔಲೇನ್ ಎಂಬ ದೇವಶಾಸ್ತ್ರಜ್ಞ, 1931ರಲ್ಲಿ ಇಂಗ್ಲಿಷಿಗೆ ಬಂದ ತನ್ನ ಪುಸ್ತಕದಲ್ಲಿ, ಎಲ್ಲಕ್ಕಿಂತ ಹಳೆಯ ವಿವರಣೆ ಬೇರೆಯೇ ಇತ್ತೆಂದು ತೋರಿಸಿದ: ಮನುಷ್ಯನನ್ನು ಸೆರೆಯಲ್ಲಿಟ್ಟಿದ್ದ ದುಷ್ಟಶಕ್ತಿಗಳ ಮೇಲೆ ಕ್ರಿಸ್ತ ಪಡೆದ ಜಯವೇ ಶಿಲುಬೆ.

ಈ ವಿವರಣೆಗಳು ನಮ್ಮ ಮನೆಗಳ ಒಳಗೆ ಬಂದಾಗ ಏನಾಗುತ್ತದೆ ನೋಡಿ. ಮನೆತನದ ಮಾನಕ್ಕೆ ಕುಂದು ಬಂದರೆ ಯಾರಾದರೂ ಬೆಲೆ ತೆರಲೇಬೇಕು ಎಂಬುದು ನಮಗೆ ಚೆನ್ನಾಗಿ ಗೊತ್ತಿರುವ ನ್ಯಾಯ. ವರದಕ್ಷಿಣೆ ಸಾಲದೆ ಬಂದ ಸೊಸೆ, ಹೆಣ್ಣು ಹೆತ್ತ ಸೊಸೆ, ಎದುರು ಮಾತಾಡಿದ ಸೊಸೆ ಮನೆಯ ಮಾನ ಕಳೆದಳು, ಆದ್ದರಿಂದ ಅವಳು ಅನುಭವಿಸಬೇಕು. ಹಾಗೆಯೇ, ಪ್ರೀತಿಯ ತಾಳ್ಮೆ ಕಲ್ಲುಮನಸ್ಸನ್ನು ಕರಗಿಸುತ್ತದೆ ಎಂಬುದೂ ನಮಗೆ ಗೊತ್ತು. ಕರಗಿಸುವ ಕೆಲಸ ಯಾವಾಗಲೂ ಹೆಂಡತಿಯದೇ. ಆನ್ಸೆಲ್ಮನಾಗಲಿ ಅಬೆಲಾರ್ಡನಾಗಲಿ ದೇವರು ಮತ್ತು ಮನುಷ್ಯಕುಲದ ನಡುವೆ ನಡೆದ ಒಂದು ವ್ಯವಹಾರವನ್ನು ಕುರಿತು ಬರೆದರು. ಪುರುಷಪ್ರಧಾನ ಕುಟುಂಬ ಅದನ್ನು ಎತ್ತಿಕೊಂಡು ಗಂಡನನ್ನು ದೇವರ ಜಾಗದಲ್ಲೂ ಹೆಂಡತಿಯನ್ನು ಬಲಿಯ ಜಾಗದಲ್ಲೂ ಕೂರಿಸಿತು.

ಇದನ್ನು ಮೊದಲೇ ಕಂಡವಳು ನಮ್ಮ ಘಟ್ಟದ ನಾಡಿನಲ್ಲೇ ಹುಟ್ಟಿದ ಒಬ್ಬ ಹೆಣ್ಣುಮಗಳು. ಪಂಡಿತಾ ರಮಾಬಾಯಿ 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಮೂವರನ್ನೂ ಕಳೆದುಕೊಂಡರು. 1882ರಲ್ಲಿ ಗಂಡ ತೀರಿಕೊಂಡಾಗ ಕೈಯಲ್ಲಿ ಪುಟ್ಟ ಮಗಳಿದ್ದಳು. 1887ರಲ್ಲಿ ಪ್ರಕಟವಾದ 'ಮೇಲ್ಜಾತಿಯ ಹಿಂದೂ ಸ್ತ್ರೀ' ಎಂಬ ಇಂಗ್ಲಿಷ್ ಪುಸ್ತಕದಲ್ಲಿ ಅವರು, ವೈಧವ್ಯವನ್ನು ಹಿಂದಿನ ಜನ್ಮದ ಪಾಪಕ್ಕೆ ಬಂದ ಶಿಕ್ಷೆಯೆಂದು ಸಮಾಜ ಹೇಗೆ ನಂಬಿಸಿದೆ, ಆ ನಂಬಿಕೆ ಎಳೆಯ ವಿಧವೆಯರ ತಲೆಯ ಮೇಲೆ ಏನೇನು ಹೇರುತ್ತದೆ ಎಂದು ಬಿಡಿಸಿ ಬರೆದರು. 1883ರಲ್ಲಿ ಇಂಗ್ಲೆಂಡಿನಲ್ಲಿ ಅವರು ದೀಕ್ಷಾಸ್ನಾನ ಪಡೆದರು. ಲಂಡನ್ನಿನ ಫುಲ್‌ಹ್ಯಾಮಿನಲ್ಲಿ, ಸಮಾಜ 'ಕೆಟ್ಟವರು' ಎಂದು ಹೊರಗೆ ಹಾಕಿದ ಹೆಂಗಸರನ್ನು ಕ್ರೈಸ್ತ ಸನ್ಯಾಸಿನಿಯರು ಆರೈಕೆ ಮಾಡುತ್ತಿದ್ದುದನ್ನು ಕಂಡದ್ದು ತಮ್ಮ ಮನಸ್ಸನ್ನು ತಿರುಗಿಸಿತೆಂದು ಅವರೇ ತಮ್ಮ ಸಾಕ್ಷ್ಯದಲ್ಲಿ ಹೇಳಿಕೊಂಡಿದ್ದಾರೆ. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ, ಮುಂದೆ ಪುಣೆಯ ಹತ್ತಿರದ ಕೇಡಗಾಂವಿನಲ್ಲಿ 'ಮುಕ್ತಿ' ಸಂಸ್ಥೆ ಕಟ್ಟಿದರು.

ರಮಾಬಾಯಿ ತಮ್ಮ ಸ್ವಂತ ಪಾಪದ ಬಗ್ಗೆ ಬಹಳ ಗಂಭೀರವಾಗಿ ಯೋಚಿಸಿದವರು. ಕ್ರಿಸ್ತನ ಪ್ರಾಯಶ್ಚಿತ್ತ ತಮಗಾಗಿ ಎಂದು ನಂಬಿದವರು. ಆದರೆ ವಿಧವೆಯ ಕಷ್ಟ ಅವಳ ಪಾಪದ ಸಂಬಳ ಎಂದು ಅವರು ಒಪ್ಪಲಿಲ್ಲ. ಪಾಪ ಬೇರೆ, ಕಷ್ಟ ಬೇರೆ. ಪಾಪಕ್ಕೆ ಕ್ಷಮೆ ಬೇಕು. ಕಷ್ಟಕ್ಕೆ ಅನ್ನ, ಅಕ್ಷರ, ಸೂರು ಬೇಕು. ಸಂಸ್ಥೆಗೆ ಅವರಿಟ್ಟ ಹೆಸರಿನಲ್ಲೇ ಈ ಎರಡೂ ಇವೆ. ತಮಗೆ ಆಶ್ರಯ ಕೊಟ್ಟ ಇಂಗ್ಲಿಷ್ ಚರ್ಚಿನ ಹಿರಿಯರಿಗೂ ಅವರು ಸುಮ್ಮನೆ ತಲೆಯಾಡಿಸಲಿಲ್ಲ ಎಂಬುದಕ್ಕೆ ಅವರ ಪತ್ರಗಳು ಸಾಕ್ಷಿ. ದುಃಖದ ಸಂಗತಿಯೆಂದರೆ, ಪೂರ್ವಜನ್ಮದ ಪಾಪ ಎಂಬ ಮಾತನ್ನು ಅವರು ಹೊರಗೆ ಬಿಟ್ಟು ಬಂದರು. ನಾವು ಅದಕ್ಕೇ ಶಿಲುಬೆ ಎಂದು ಹೆಸರು ಬದಲಿಸಿ ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಂಡೆವು.

ಈಗ ಆ ಮೂರು ಮಾತುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಕಷ್ಟ ಬಂದಿರುವುದು ನಿನ್ನ ಪಾಪಕ್ಕೆ ಎಂಬುದು. ಈ ಪ್ರಶ್ನೆಯನ್ನು ಯೇಸುವಿಗೇ ನೇರವಾಗಿ ಕೇಳಿದ್ದುಂಟು. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ತೋರಿಸಿ, ಇವನು ಪಾಪ ಮಾಡಿದನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳುತ್ತಾರೆ. ಎರಡೂ ಅಲ್ಲ ಎಂದು ಅವನು ಹೇಳುತ್ತಾನೆ, ಹೇಳಿ ಅವನ ಕಣ್ಣು ವಾಸಿಮಾಡುತ್ತಾನೆ. ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಸಿಲೋವದ ಬುರುಜು ಬಿದ್ದು ಸತ್ತ ಹದಿನೆಂಟು ಜನರ ಪ್ರಸ್ತಾಪವಿದೆ. ಅವರು ಊರಿನ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೇ ಎಂದು ಯೇಸುವೇ ಕೇಳಿ, ಅಲ್ಲ ಎಂದು ಯೇಸುವೇ ಉತ್ತರಿಸುತ್ತಾನೆ. ಅದೇ ಅಧ್ಯಾಯದಲ್ಲಿ ಹದಿನೆಂಟು ವರ್ಷ ಸೊಂಟ ಬಗ್ಗಿ ನೆಟ್ಟಗೆ ನಿಲ್ಲಲಾರದೆ ಇದ್ದ ಹೆಂಗಸೊಬ್ಬಳು ಬರುತ್ತಾಳೆ. ಅವಳಿಗೆ ಅವನು, ನೀನೇನು ಪಾಪ ಮಾಡಿದ್ದೆ ಎಂದು ಕೇಳುವುದಿಲ್ಲ. ಇನ್ನೂ ಸ್ವಲ್ಪ ತಾಳಿಕೋ ಎನ್ನುವುದೂ ಇಲ್ಲ. ಸಬ್ಬತ್ ದಿನವಾಗಿದ್ದರೂ, ಮಂದಿರದ ಅಧಿಕಾರಿ ಸಿಟ್ಟಾದರೂ, ಅವಳನ್ನು ನೆಟ್ಟಗೆ ನಿಲ್ಲಿಸುತ್ತಾನೆ.

ಬೋಧನೆಯ ತರ್ಕವೂ ಇದೇ. ಪಾಪದ ಬೆಲೆ ಒಂದೇ ಸಲ, ಪೂರ್ತಿಯಾಗಿ ತೆತ್ತಾಯಿತು ಎಂದಮೇಲೆ, ಅದೇ ಸಾಲವನ್ನು ದೇವರು ಮತ್ತೆ ಅವಳ ಬೆನ್ನಿನಿಂದ ವಸೂಲಿ ಮಾಡುವುದೆಂದರೆ ಏನು? ಒಂದು ಸಾಲಕ್ಕೆ ಎರಡು ಸಲ ವಸೂಲಿ ಮಾಡುವವನನ್ನು ನಮ್ಮೂರಿನಲ್ಲಿ ಏನೆಂದು ಕರೆಯುತ್ತೇವೆ? ದೇವರನ್ನು ಆ ಸ್ಥಾನಕ್ಕೆ ಇಳಿಸುವ ಮಾತು ಭಕ್ತಿಯ ಮಾತಲ್ಲ.

ಎರಡನೆಯದು ಶಿಲುಬೆಯ ಮಾತು. ಇಲ್ಲಿ ನನ್ನ ಸ್ವಂತ ಅಕ್ಕನ ವಿಷಯ ಹೇಳಬೇಕು. ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಅವಳ ಮದುವೆಯಾದದ್ದು 1979ರಲ್ಲಿ. ನಮ್ಮಲ್ಲಿ ವರದಕ್ಷಿಣೆ ಇಲ್ಲ ಎಂದು ಹೇಳಿಕೊಳ್ಳುತ್ತಲೇ 'ಹುಡುಗಿಗೆ ಏನು ಹಾಕುತ್ತೀರಿ' ಎಂದು ಕೇಳುವ ಪದ್ಧತಿ ನಮ್ಮವರಲ್ಲೂ ಇದೆ. ಹಾಕಿದ್ದು ಸಾಲಲಿಲ್ಲ. ಹೊಡೆತ ಮೊದಲ ವರ್ಷವೇ ಶುರುವಾಯಿತು. ಅವಳು ಸಭಾಪಾಲಕರ ಬಳಿ ಹೋದಾಗ ಅವರು, "ಇದು ನಿನಗೆ ದೇವರು ಕೊಟ್ಟ ಶಿಲುಬೆ ಅಮ್ಮ. ನಿನ್ನ ಕಣ್ಣೀರಿನಿಂದಲೇ ಅವನ ಆತ್ಮ ಉಳಿಯುತ್ತೆ" ಎಂದು ಪ್ರಾರ್ಥನೆ ಮಾಡಿ ಕಳಿಸಿದರು. ಅವಳು ಅದನ್ನು ನಂಬಿದಳು. ಹತ್ತೊಂಬತ್ತು ವರ್ಷ ನಂಬಿದಳು. ಆ ಕಾಲದಲ್ಲಿ ಅವಳಿಗೆ ಕಾನೂನೂ ಆಸರೆಯಾಗಿರಲಿಲ್ಲ. 1869ರ ಭಾರತೀಯ ವಿಚ್ಛೇದನ ಕಾಯ್ದೆಯ ಪ್ರಕಾರ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ವಿಚ್ಛೇದನ ಸಿಗುತ್ತಿತ್ತು; ಹೆಂಡತಿಗೆ ಗಂಡನ ಕ್ರೌರ್ಯವೊಂದೇ ಸಾಲುತ್ತಿರಲಿಲ್ಲ, ಅದರ ಜೊತೆಗೆ ವ್ಯಭಿಚಾರವನ್ನೂ ರುಜುವಾತು ಮಾಡಬೇಕಿತ್ತು. ಕ್ರೌರ್ಯವೊಂದರ ಮೇಲೆ ಬೇರೆ ಇರಲು ಅನುಮತಿ ಸಿಗಬಹುದಿತ್ತು, ಬಿಡುಗಡೆಯಲ್ಲ. ಆ ಅನ್ಯಾಯವನ್ನು ಸಂಸತ್ತು ಸರಿಪಡಿಸಿದ್ದು 2001ರಲ್ಲಿ. ಅಕ್ಕ ಅದಕ್ಕೂ ಮೂರು ವರ್ಷ ಮೊದಲು, ಬಲಗೈ ಮುರಿದುಕೊಂಡು, ಇಬ್ಬರು ಮಕ್ಕಳೊಂದಿಗೆ ಮನೆ ಬಿಟ್ಟು ಬಂದಳು.

ಭಾವ 2009ರಲ್ಲಿ ತೀರಿಕೊಂಡರು. ಅಂದಿನಿಂದ ಅಕ್ಕನನ್ನು ಕಾಡುತ್ತಿರುವ ಪ್ರಶ್ನೆ, ನಾನು ಇನ್ನೊಂದಷ್ಟು ದಿನ ಸಹಿಸಿದ್ದರೆ ಅವರ ಆತ್ಮ ಉಳಿಯುತ್ತಿತ್ತೇ, ಎಂಬುದು. ಹೊಡೆತ ನಿಂತು ಇಪ್ಪತ್ತೈದು ವರ್ಷದ ಮೇಲಾಯಿತು. ಸಭಾಪಾಲಕರ ಆ ಒಂದು ವಾಕ್ಯ ಮಾತ್ರ ಇನ್ನೂ ಅವಳನ್ನು ಹೊಡೆಯುತ್ತಿದೆ.

ಅಕ್ಕನಿಗೆ ನಾನು ಹೇಳುವ ಉತ್ತರವನ್ನೇ ನಿಮಗೂ ಹೇಳುತ್ತೇನೆ. ಇನ್ನೊಬ್ಬರ ಪಾಪವನ್ನು ಹೊತ್ತು ಅವರ ಆತ್ಮ ಉಳಿಸುವ ಜಾಗ ಒಂದೇ ಇತ್ತು, ಅದು ಆಗಲೇ ಭರ್ತಿಯಾಗಿದೆ. ಕ್ರೈಸ್ತರ ನಂಬಿಕೆಯ ಪ್ರಕಾರ ಆ ಕೆಲಸ ಯಾವ ಮನುಷ್ಯರಿಂದಲೂ ಆಗುವಂಥದ್ದಲ್ಲ, ಹೆಂಡತಿಯಿಂದಲೂ ಅಲ್ಲ. ನಿನ್ನ ಗಂಡನಿಗೆ ಒಬ್ಬ ರಕ್ಷಕ ಇದ್ದಾನೆ, ಅದು ನೀನಲ್ಲ. ಹೆಂಡತಿಯ ಮುರಿದ ಕೈಯಿಂದ ಗಂಡನ ಆತ್ಮ ಉಳಿಯುತ್ತದೆ ಎಂದು ಕಲಿಸುವವನು, ಕ್ರಿಸ್ತನ ಶಿಲುಬೆ ಸಾಲದೆ ಹೋಯಿತು ಎಂದು ಕಲಿಸಿದಂತೆ.

ಹಾಗಾದರೆ ತನ್ನ ಶಿಲುಬೆ ಹೊತ್ತು ಹಿಂಬಾಲಿಸಬೇಕೆಂದು ಯೇಸುವೇ ಹೇಳಿದ್ದಾನಲ್ಲ ಎಂದು ಕೇಳಬಹುದು. ಹೇಳಿದ್ದಾನೆ. ಆದರೆ ಅವನು ಹೊತ್ತ ಶಿಲುಬೆ ಸತ್ಯ ಹೇಳಿದ್ದಕ್ಕಾಗಿ, ಬಡವರ ಪರ ನಿಂತದ್ದಕ್ಕಾಗಿ ಬಂದದ್ದು, ತಾನಾಗಿ ಒಪ್ಪಿಕೊಂಡದ್ದು. ತನ್ನ ಪ್ರಾಣವನ್ನು ಯಾರೂ ಕಸಿದುಕೊಳ್ಳುತ್ತಿಲ್ಲ, ತಾನೇ ಕೊಡುತ್ತಿದ್ದೇನೆ ಎಂದು ಅವನು ಸ್ಪಷ್ಟಪಡಿಸಿದ್ದು ಯೋಹಾನನ ಸುವಾರ್ತೆಯಲ್ಲಿದೆ. ಅದಕ್ಕೆ ಮೊದಲು ಹಿಂಸೆ ಎದುರಾದಾಗ ಅವನು ಏನು ಮಾಡಿದ? ನಜರೇತಿನ ಜನ ಅವನನ್ನು ಗುಡ್ಡದ ಅಂಚಿನಿಂದ ದೊಬ್ಬಲು ನೋಡಿದಾಗ ಅವರ ನಡುವೆಯೇ ಹಾದು ಹೊರಟುಹೋದ. ಕಲ್ಲೆತ್ತಿಕೊಂಡಾಗ ಮರೆಯಾದ. ಮಹಾಯಾಜಕನ ಮುಂದೆ ಕಾವಲುಗಾರನೊಬ್ಬ ಕೆನ್ನೆಗೆ ಹೊಡೆದಾಗ, ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತೋರಿಸು, ಇಲ್ಲದಿದ್ದರೆ ಏಕೆ ಹೊಡೆಯುತ್ತೀ ಎಂದು ಕೇಳಿದ. ಇನ್ನೊಂದು ಕೆನ್ನೆ ತೋರಿಸುವ ಮಾತನ್ನು ನಮ್ಮ ಹೆಣ್ಣುಮಕ್ಕಳಿಗೆ ಕಲಿಸುವವರು ಈ ಪ್ರಶ್ನೆಯನ್ನೂ ಕಲಿಸಬೇಕಲ್ಲವೇ? ಓಡಿಹೋಗುವುದೂ, ಬಚ್ಚಿಟ್ಟುಕೊಳ್ಳುವುದೂ, ಏಕೆ ಹೊಡೆದೆ ಎಂದು ಕೇಳುವುದೂ ಕ್ರಿಸ್ತನ ಮಾದರಿಯೇ.

ಪೇತ್ರನ ಮೊದಲ ಪತ್ರಿಕೆಯನ್ನೂ ಇಲ್ಲಿ ತೆಗೆಯುವುದುಂಟು. ಅದರ ಎರಡನೇ ಅಧ್ಯಾಯದಲ್ಲಿ ಅನ್ಯಾಯವಾಗಿ ಪೆಟ್ಟು ತಿಂದರೂ ಸಹಿಸಬೇಕು, ಕ್ರಿಸ್ತನೂ ಹಾಗೆ ಸಹಿಸಿದ ಎಂದಿದೆ. ಮೂರನೇ ಅಧ್ಯಾಯ ಅದೇ ರೀತಿ ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಲಿ ಎಂದು ಶುರುವಾಗುತ್ತದೆ. ಆದರೆ ಆ ಎರಡನೇ ಅಧ್ಯಾಯದ ಮಾತು ಗುಲಾಮರಿಗೆ ಹೇಳಿದ್ದು. ತಪ್ಪಿಸಿಕೊಳ್ಳುವ ದಾರಿಯೇ ಇಲ್ಲದವರಿಗೆ ಹೇಳಿದ ಸಾಂತ್ವನ ಅದು. ಇವತ್ತು ಯಾವ ಚರ್ಚೂ ಆ ವಾಕ್ಯ ಓದಿ ಜೀತದಾಳನ್ನು ಧಣಿಯ ಮನೆಗೆ ವಾಪಸ್ ಕಳಿಸುವುದಿಲ್ಲ. ಹೆಂಡತಿಯನ್ನು ಮಾತ್ರ ಕಳಿಸುತ್ತದೆ. ಅದೇ ಮೂರನೇ ಅಧ್ಯಾಯ ಮುಂದುವರಿದು, ಗಂಡ ಹೆಂಡತಿಗೆ ಮಾನ ಕೊಡದಿದ್ದರೆ ಅವನ ಪ್ರಾರ್ಥನೆಗೇ ಅಡ್ಡಿಯಾಗುತ್ತದೆ ಎನ್ನುತ್ತದೆ. ಈ ವಾಕ್ಯದ ಮೇಲೆ ಪ್ರಸಂಗ ಮಾಡಿದ್ದನ್ನು ನಾನು ಬಹಳ ಅಪರೂಪವಾಗಿ ಕೇಳಿದ್ದೇನೆ.

ಮೂರನೆಯದು ಕ್ಷಮೆ. ಕ್ಷಮೆ ದೊಡ್ಡ ಮಾತು. ನಾನು ಅದನ್ನು ಹಗುರವಾಗಿ ಕಾಣುವವಳಲ್ಲ. ಆದರೆ ಕ್ಷಮೆ ಮತ್ತು ವಾಪಸ್ ಹೋಗುವುದು ಎರಡೂ ಒಂದಲ್ಲ. ಶುಭ ಶುಕ್ರವಾರ ನಮ್ಮ ದೇವಾಲಯಗಳಲ್ಲಿ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ ನಡೆಯುತ್ತದೆ. ಎರಡನೇ ಮಾತು ಪಕ್ಕದ ಶಿಲುಬೆಯಲ್ಲಿದ್ದ ಅಪರಾಧಿಗೆ ಹೇಳಿದ್ದು. ತನಗಾದ ಶಿಕ್ಷೆ ತಾನು ಮಾಡಿದ್ದಕ್ಕೆ ತಕ್ಕದ್ದೇ ಎಂದು ಆ ಮನುಷ್ಯ ತಾನೇ ಒಪ್ಪಿಕೊಂಡ. ಅಂದೇ ಅವನಿಗೆ ಪರದೈಸದ ಭರವಸೆ ಸಿಕ್ಕಿತು. ಆದರೆ ಅವನನ್ನು ಯಾರೂ ಶಿಲುಬೆಯಿಂದ ಇಳಿಸಲಿಲ್ಲ. ದೇವರ ಕ್ಷಮೆ ಪೂರ್ತಿ ಸಿಕ್ಕಿದ ಮೇಲೂ ಈ ಲೋಕದ ಲೆಕ್ಕ ಉಳಿದೇ ಇತ್ತು. ಮರಣದಂಡನೆ ಸರಿ ಎಂದು ನಾನು ಹೇಳುತ್ತಿಲ್ಲ. ಗಂಡನನ್ನು ದೇವರು ಕ್ಷಮಿಸಿರಬಹುದು, ಹೆಂಡತಿಯೂ ಕ್ಷಮಿಸಿರಬಹುದು. ಅದಕ್ಕಾಗಿ ಅವಳು ದೂರು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿಲ್ಲ ಎನ್ನುತ್ತಿದ್ದೇನೆ.

ನಿಜವಾದ ಪಶ್ಚಾತ್ತಾಪ ಹೇಗಿರುತ್ತದೆ ಎಂಬುದಕ್ಕೂ ಒಂದು ನಮೂನೆಯಿದೆ. ಲೂಕನ ಸುವಾರ್ತೆಯ 19ನೇ ಅಧ್ಯಾಯದ ಜಕ್ಕಾಯ ಸುಂಕದವರ ಮುಖ್ಯಸ್ಥ, ಜನರನ್ನು ಸುಲಿದು ಹಣ ಮಾಡಿದವನು. ಯೇಸು ಮನೆಗೆ ಬಂದಾಗ ಅವನು ಬರೀ ಕಣ್ಣೀರು ಹಾಕಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದು ನಾಲ್ಕರಷ್ಟು ವಾಪಸ್ ಎಂದು ಲೆಕ್ಕ ಹೇಳಿದ. ನಮ್ಮ 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಮಿನ ಪ್ರಕಾರ, ವರದಕ್ಷಿಣೆಯಾಗಿ ಬಂದದ್ದನ್ನು ಬೇರೆ ಯಾರು ತೆಗೆದುಕೊಂಡಿದ್ದರೂ ಮೂರು ತಿಂಗಳೊಳಗೆ ಅದನ್ನು ಆ ಹೆಣ್ಣಿನ ವಶಕ್ಕೆ ಕೊಡಬೇಕು. ಈ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಒಬ್ಬ ಕ್ರೈಸ್ತ ಗಂಡ ತನಗೆ ಪಶ್ಚಾತ್ತಾಪವಾಗಿದೆ ಎಂದು ಸಭಾಪಾಲಕರ ಮುಂದೆ ಅತ್ತರೆ, ಅವರು ಕೇಳಬೇಕಾದ ಮೊದಲ ಪ್ರಶ್ನೆ: "ಅವಳ ಒಡವೆ ಎಲ್ಲಪ್ಪಾ?" ಜಕ್ಕಾಯನಿಗೆ ನಾಲ್ಕರಷ್ಟು, ನಮ್ಮವರು ಇದ್ದಷ್ಟನ್ನಾದರೂ ಕೊಡಲಿ.

ಚರ್ಚುಗಳ ಸ್ವಂತ ನಿಯಮಗಳೂ ಹೆಂಗಸಿನ ಪರವಾಗಿರುವುದು ಬಹಳ ಜನರಿಗೆ ಗೊತ್ತಿಲ್ಲ. ವಿಚ್ಛೇದನವನ್ನು ಒಪ್ಪದ ಕಥೋಲಿಕ ಚರ್ಚಿನ 1983ರ ಧರ್ಮಸಂಹಿತೆಯ 1153ನೇ ನಿಯಮ, ಸಂಗಾತಿಯಿಂದ ತನಗಾಗಲಿ ಮಕ್ಕಳಿಗಾಗಲಿ ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದರೆ ಬೇರೆಯಾಗಲು ಅದು ನ್ಯಾಯವಾದ ಕಾರಣ ಎನ್ನುತ್ತದೆ. ತಡಮಾಡಿದರೆ ಅಪಾಯವೆನ್ನುವಂತಿದ್ದರೆ ಬಿಷಪರ ಅಪ್ಪಣೆಗೂ ಕಾಯಬೇಕಾಗಿಲ್ಲ. 2016ರಲ್ಲಿ ಪೋಪ್ ಫ್ರಾನ್ಸಿಸ್ ಬರೆದ ಕುಟುಂಬವನ್ನು ಕುರಿತ ಪತ್ರದಲ್ಲಿ, ಇಂಥ ಸಂದರ್ಭದಲ್ಲಿ ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯ ಎಂದಿದ್ದಾರೆ. ಪ್ರಾಟೆಸ್ಟೆಂಟ್ ಮತ್ತು ಆರ್ಥಡಾಕ್ಸ್ ಚರ್ಚುಗಳ ಜಾಗತಿಕ ಒಕ್ಕೂಟ 1988ರಿಂದ 1998ರವರೆಗಿನ ದಶಕವನ್ನು ಮಹಿಳೆಯರೊಂದಿಗೆ ಚರ್ಚುಗಳು ನಿಲ್ಲುವ ದಶಕವೆಂದು ಆಚರಿಸಿತು. ಕಾಗದದ ಮೇಲೆ ಇಷ್ಟೆಲ್ಲ ಇದೆ. ಸಭಾಪಾಲಕರ ಮನೆಯ ಹಜಾರದಲ್ಲಿ ಕೂತು ಅಳುವ ಹೆಂಗಸಿಗೆ ಮಾತ್ರ ಇದು ತಲುಪಿಲ್ಲ.

ಇಲ್ಲಿಯವರೆಗೆ ಗಂಡನ ಪಾಪದ ಮಾತಾಯಿತು. ಹೆಂಗಸಿಗೆ ತನ್ನದೇ ಆದ ಪಾಪ ಇಲ್ಲವೇ? ಇದೆ. ಗಂಡನ ಮೇಲಿನ ಸಿಟ್ಟಿಗೆ ಮಗುವಿಗೆ ಬಾರಿಸಿದವಳು, ಸೊಸೆಯ ಕಾಲದಲ್ಲಿ ತಾನು ಅನುಭವಿಸಿದ್ದನ್ನೇ ಅತ್ತೆಯಾದಾಗ ಮಾಡಿದವಳು, ನೆರೆಮನೆಯ ಕೂಗು ಕೇಳಿಯೂ ಬಾಗಿಲು ಹಾಕಿಕೊಂಡವಳು ನಮ್ಮ ನಡುವೆಯೇ ಇದ್ದಾಳೆ. ನೊಂದವಳನ್ನು ಪಾಪವೇ ಇಲ್ಲದ ಗೊಂಬೆ ಮಾಡುವುದೂ ಅವಳಿಗೆ ಮಾಡುವ ಅವಮಾನ. 1960ರಲ್ಲಿ ವಾಲೆರಿ ಸೇವಿಂಗ್ ಎಂಬ ಅಮೆರಿಕದ ವಿದುಷಿ ಒಂದು ಲೇಖನದಲ್ಲಿ, ಅಹಂಕಾರವೇ ಮೂಲಪಾಪ ಎಂದು ಹೇಳಿದವರೆಲ್ಲ ಗಂಡಸರ ಅನುಭವದಿಂದ ಹೇಳಿದರು, ಹೆಂಗಸಿನ ಅಪಾಯ ಬೇರೆ, ಅವಳು ತನ್ನತನವನ್ನೇ ಇನ್ನೊಬ್ಬರಲ್ಲಿ ಕರಗಿಸಿಬಿಡುತ್ತಾಳೆ ಎಂದು ತೋರಿಸಿದಳು. ಅಂಥವಳಿಗೆ ಇನ್ನಷ್ಟು ಬಗ್ಗು ಎಂದು ಬೋಧಿಸಿದರೆ ರೋಗಕ್ಕೆ ವಿಷವನ್ನೇ ಮದ್ದಾಗಿ ಕೊಟ್ಟಂತೆ. ನಿಜವಾಗಿ ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತದ ಬೋಧನೆ ಕೊಡುವ ದಾರಿ ಸರಳವಾಗಿದೆ: ತಪ್ಪನ್ನು ಹೆಸರು ಹಿಡಿದು ಹೇಳು, ನೊಂದವರಿಗೆ ಸರಿಮಾಡು, ಕ್ಷಮೆಯನ್ನು ಕೈಚಾಚಿ ತೆಗೆದುಕೋ, ಎದ್ದು ನಡೆ. ಮಗುವಿಗೆ ಹೊಡೆದ ಪಾಪಕ್ಕೆ ಗಂಡನ ಕೈಯಲ್ಲಿ ಹೊಡೆತ ತಿನ್ನುವುದು ಪರಿಹಾರವಲ್ಲ. ಮಗುವನ್ನು ಕರೆದು ತಪ್ಪಾಯಿತು ಎನ್ನುವುದು, ಆ ಮಗು ಭಯವಿಲ್ಲದೆ ಮಲಗುವ ಮನೆಗೆ ಕರೆದೊಯ್ಯುವುದು ಪರಿಹಾರ.

ಈ ಬೋಧನೆಯನ್ನೇ ಕೈಬಿಡಬೇಕೆನ್ನುವ ಸ್ತ್ರೀವಾದಿಗಳೂ ಇದ್ದಾರೆ. ಜೋಆನ್ ಕಾರ್ಲ್‌ಸನ್ ಬ್ರೌನ್ ಮತ್ತು ರೆಬೆಕಾ ಪಾರ್ಕರ್ 1989ರಲ್ಲಿ ಬರೆದ ಪ್ರಬಂಧದಲ್ಲಿ, ತಂದೆಯೊಬ್ಬ ಮಗನ ಸಾವನ್ನು ಬೇಡುವ ಈ ಚಿತ್ರವೇ ಹಿಂಸೆಗೆ ಪಾವಿತ್ರ್ಯ ಕೊಡುತ್ತದೆ ಎಂದು ವಾದಿಸಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ನನ್ನ ಅಕ್ಕನ ಹತ್ತೊಂಬತ್ತು ವರ್ಷ ಅವರ ಮಾತಿಗೆ ಸಾಕ್ಷಿಯಾಗಬಲ್ಲದು. ಆದರೂ ನಾನು ಅವರ ಜೊತೆ ಪೂರ್ತಿ ಹೋಗಲಾರೆ. ಏಕೆಂದರೆ ಅಕ್ಕನಂಥವರು ಈ ನಂಬಿಕೆಯನ್ನು ಬಿಡುವುದಿಲ್ಲ. ನಾವು ಬಿಟ್ಟರೆ ಅದು ಅವಳನ್ನು ವಾಪಸ್ ಕಳಿಸಿದವರ ಕೈಯಲ್ಲೇ ಉಳಿಯುತ್ತದೆ. ಮತ್ತೆ, 'ಒಂದೇ ಸಲ' ಎಂಬ ಮಾತಿನಷ್ಟು ಗಟ್ಟಿಯಾಗಿ ಎಲ್ಲ ಬಲಿಗಳನ್ನೂ ನಿಲ್ಲಿಸುವ ಇನ್ನೊಂದು ಮಾತನ್ನು ನಾನು ಕಂಡಿಲ್ಲ.

ಕೊನೆಯದಾಗಿ, ನಾವು ಮಾಡಬೇಕಾದ ಕೆಲಸ. ನಿಮ್ಮ ಬಳಿ ಕ್ರೈಸ್ತ ಹೆಣ್ಣುಮಗಳೊಬ್ಬಳು ಬಂದರೆ, ದೇವರು ಧರ್ಮ ಎಲ್ಲ ಬಿಡು, ಕಾನೂನಿನ ಮಾತಾಡು ಎಂದು ಗದರಿಸಬೇಡಿ. ಪಾದ್ರಿಗಳು ಏನು ಹೇಳಿದರು ಎಂದು ಮೊದಲು ಕೇಳಿ. ಅವಳ ಕಾಲನ್ನು ಕಟ್ಟಿರುವ ಹಗ್ಗ ಅಲ್ಲಿರಬಹುದು. ಆ ಗಂಟು ಬಿಚ್ಚದೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಅರ್ಜಿ ಬರೆಸಿದರೂ ಅವಳು ಮರುವಾರ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಹಿಂದೂ, ಮುಸ್ಲಿಂ ಗೆಳತಿಯರೇ, ನಿಮ್ಮ ಧರ್ಮಗಳಲ್ಲೂ ಹೆಂಗಸಿನ ಸಹನೆಯನ್ನು ಪಾಪದ ಲೆಕ್ಕಕ್ಕೆ ಜಮಾ ಮಾಡುವ ಮಾತುಗಳಿವೆ. ಅವುಗಳ ಗಂಟು ಬಿಚ್ಚಬೇಕಾದವರು ನೀವು.

ಸಭಾಪಾಲಕರಿಗೆ, ಗುರುಗಳಿಗೆ ನನ್ನ ಬೇಡಿಕೆ ಒಂದೇ. ಹೊಡೆತ ತಿಂದ ಹೆಂಗಸು ಬಂದಾಗ ಮೊದಲು ಅವಳ ಗಾಯಕ್ಕೆ ಔಷಧ, ಮಲಗಲು ಜಾಗ, ಜೊತೆಗೆ ಒಬ್ಬ ಹೆಂಗಸು, ಅವಳಿಗೆ ಬೇಕೆನಿಸಿದರೆ ಠಾಣೆಗೆ ಸಂಗಡ. ಪ್ರಾರ್ಥನೆ ಅದರ ನಂತರ ಮಾಡಬಹುದು, ದೇವರು ಕಾಯುತ್ತಾನೆ. ಆಗಲೂ ಶಿಲುಬೆಯ ಮಾತು ಹೇಳಬೇಕೆನಿಸಿದರೆ ಹೀಗೆ ಹೇಳಿ: "ಅಮ್ಮ, ಬೆಲೆ ಒಮ್ಮೆ ತೆತ್ತಾಗಿದೆ. ನಿನ್ನಿಂದ ಯಾರೂ ಅದನ್ನು ಮತ್ತೆ ಕೇಳುವ ಹಾಗಿಲ್ಲ."